ಗಟ್ಟಿ ಮಾಡಿಸಿದ ಮೆಷಿನ್

2012ರ ಜನವರಿಯಲ್ಲಿ ನಾನು ಇಂಜಿನಿಯರಿಂಗ್ ಕಾಲೇಜೊಂದರ ಮೆಟೀರಿಯಲ್ ಟೆಸ್ಟಿಂಗ್ ಲ್ಯಾಬಿನಲ್ಲಿ ಸಂಶೋಧನಾ ಸಹಾಯಕಿಯಾಗಿ ಸೇರಿದೆ. ಬ್ರಹ್ಮಾವರದ ನಮ್ಮ ಮನೆಯಿಂದ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಹುದ್ದೆ ಒಂದೇ ವರ್ಷದ್ದು. ಎಂ.ಟೆಕ್‌ನಲ್ಲಿ ನನ್ನ ಜೊತೆ ‘ಮೆಕ್ಯಾನಿಕ್ಸ್ ಆಫ್ ಮೆಟೀರಿಯಲ್ಸ್’ ಓದಿದವರಲ್ಲಿ ಒಬ್ಬ ಗ್ಯಾಸ್ ಪೈಪ್‌ಲೈನ್ ತಪಾಸಣೆಗೆ, ಇನ್ನೊಬ್ಬಳು ಟರ್ಬೈನ್ ಕಂಪನಿಗೆ ಹೋಗಿದ್ದರು. ಲೋಹ, ಮರ, ಪ್ಲಾಸ್ಟಿಕ್ ಯಾವುದೇ ಇರಲಿ, ಭಾರ ಬಿದ್ದಾಗ ಅದು ಎಷ್ಟು ಬಾಗುತ್ತದೆ, ಎಲ್ಲಿ ಬಿರುಕು ಬಿಡುತ್ತದೆ ಎಂದು ಲೆಕ್ಕ ಹಾಕುವುದು ಈ ವಿದ್ಯೆ. ಅಮ್ಮನಿಗೆ ಹೀಗೆಯೇ ವಿವರಿಸಿದ್ದೆ. “ಅಂದ್ರೆ ವಸ್ತು ಒಡುದ್ ನಿನ್ ಕೆಲ್ಸ. ಅದನ್ನ್ ನೀನ್ ಸಣ್ಣಕ್ ಇಪ್ಪ ಹೊತ್ತಿಗೇ ಲಾಯ್ಕ್ ಮಾಡ್ತಿದ್ದೆ, ಇಷ್ಟ್ ಓದುಕ್ ಎಂತಕ್ ಹೋದ್ದ್?” ಎಂದಿದ್ದಳು.

ಸೇರಿದ ಎರಡನೆಯ ತಿಂಗಳಲ್ಲಿ ತೆಂಗಿನಮರ ಹತ್ತುವ ಮೂರು ಮೆಷಿನ್‌ಗಳು ಲ್ಯಾಬಿಗೆ ಬಂದವು. ಒಂದೊಂದು ಕಾಲಿಗೆ ಒಂದೊಂದರಂತೆ ಎರಡು ಪೈಪಿನ ಚೌಕಟ್ಟು, ಮರವನ್ನು ಸುತ್ತುವ ಉಕ್ಕಿನ ಹಗ್ಗ, ಕೆಳಗೆ ಪಾದವಿಡುವ ಮೆಟ್ಟು. ಒಂದು ಕಾಲು ಊರಿ ಇನ್ನೊಂದನ್ನು ಮೇಲೆ ಸರಿಸುತ್ತ ಹತ್ತಬೇಕು. ಮೂರರಲ್ಲೂ ಮೆಟ್ಟಿನ ಹತ್ತಿರ ಪೈಪು ಸೀಳಿತ್ತು. ಮೂರನೆಯದು ಬಿಜೂರಿನ ಶಾರದಕ್ಕನದು. ತರಬೇತಿ ಪಡೆದು ಮರ ಹತ್ತುತ್ತಿದ್ದ ಹೆಂಗಸರ ತಂಡದಲ್ಲಿ ಮೊದಲನೆಯವರು ಅವರು. ಇಳಿಯುತ್ತ ನೆಲ ಹತ್ತಿರವಾದಾಗ ಪೈಪು ಸೀಳಿದ್ದರಿಂದ ಮೊಣಕಾಲಿನ ತರಚು ಗಾಯದಲ್ಲಿ ಪಾರಾಗಿದ್ದರು. ವರದಿ ಬರುವ ತನಕ ಯಾರೂ ಮೆಷಿನ್ ಬಳಸಬಾರದೆಂದು ತರಬೇತಿ ಕೊಟ್ಟವರು ಸೂಚಿಸಿದ್ದರು. ಬಳಸಿದವರ ತಪ್ಪು ಎಂದು ನಾವು ಬರೆದರೆ ಮೆಷಿನ್ ಹಿಂದಕ್ಕೆ ಹೋಗುತ್ತಿತ್ತು, ಹೆಂಗಸರ ತಂಡವೂ ಅಲ್ಲಿಗೆ ಮುಗಿಯುತ್ತಿತ್ತು.

ನನಗೆ ತಲೆಬುಡ ತಿಳಿಯಲಿಲ್ಲ. ಹೊಸ ಮೆಷಿನ್ ತರಿಸಿ ಯೂನಿವರ್ಸಲ್ ಟೆಸ್ಟಿಂಗ್ ಮೆಷಿನ್‌ಗೆ, ಅಂದರೆ ವಸ್ತುವನ್ನು ಎಳೆದು ಒತ್ತಿ ನೋಡುವ ಯಂತ್ರಕ್ಕೆ, ಕೊಟ್ಟೆ. ಐದು ಜನರ ಭಾರಕ್ಕೂ ಅದು ಜಗ್ಗಲಿಲ್ಲ. ಸೀಳಿದ ಪೈಪಿನ ಉಕ್ಕಿನಲ್ಲೂ ದೋಷವಿರಲಿಲ್ಲ. ಒಂದೇ ವ್ಯತ್ಯಾಸ: ಸೀಳಿದ ಮೂರರಲ್ಲೂ ಮೆಟ್ಟಿನ ಮೂಲೆಗೆ ಅಡ್ಡಲಾಗಿ ಒಂದು ಸರಳಿನ ತುಂಡು ಬೆಸೆದಿತ್ತು, ಮೇಲೆ ಮೆಷಿನ್‌ನದೇ ಹಸಿರು ಬಣ್ಣ. ಹೊಸದರಲ್ಲಿ ಅದಿರಲಿಲ್ಲ. ಎರಡು ಮಾದರಿ ಇರಬೇಕೆಂದು ಎಣಿಸಿ ಹೊಸದನ್ನು ‘ಎ’, ಸರಳಿದ್ದದ್ದನ್ನು ‘ಬಿ’ ಎಂದು ಬರೆದುಕೊಂಡೆ. ತಯಾರಕರಿಗೆ ಫೋನ್ ಮಾಡಿದರೆ, “ನಾವು ಮಾಡುವುದು ಒಂದೇ ಮಾದರಿ ಮೇಡಂ” ಎಂದರು. ಫೋನ್ ಎತ್ತಿದವರಿಗೆ ಗೊತ್ತಿಲ್ಲ ಎಂದುಕೊಂಡೆ.

ಮೆಷಿನ್ ಇರುವವರಿಗೆಲ್ಲ ಪ್ರಶ್ನೆಪತ್ರ ಕಳಿಸಿದೆ. ‘ಮೆಷಿನ್ ರಿಪೇರಿ ಮಾಡಿಸಿದ್ದೀರಾ?’ ಎಂಬುದಕ್ಕೆ ಎಲ್ಲರದೂ ‘ಇಲ್ಲ’. ನನ್ನ ಮಾರ್ಗದರ್ಶಕರು ಕನ್ನಡಕ ತೆಗೆದಿಟ್ಟರು. “ವಸ್ತು ಸರಿಯಿದೆ, ರಿಪೇರಿಯೂ ಆಗಿಲ್ಲ ಅಂದರೆ ಉಳಿಯುವುದು ಬಳಕೆಯ ತಪ್ಪು. ಸೋಮವಾರ ವರದಿ ಕೊಡು.” ಮಾತು ತರ್ಕಬದ್ಧವಾಗಿತ್ತು. ಆದರೂ ನನ್ನ ಪೆನ್ನು ಏಳಲಿಲ್ಲ. ಶನಿವಾರ ಬಸ್ಸು ಹತ್ತಿ, ಕುಂದಾಪುರದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು, ಬಿಜೂರಿಗೆ ಹೋದೆ.

ಶಾರದಕ್ಕ ಅಂಗಳದಲ್ಲಿ ತೆಂಗಿನ ಮಡಲು ನೇಯುತ್ತಿದ್ದರು. “ಬನಿ ಮೇಡಂ. ಕುಡುಕ್ ಬೊಂಡ ಕೊಡ್ವ ಅಂದ್ರೆ ಮರ ಹತ್ತುಕಿಲ್ಲೆ ಅಂತ ನಿಮ್ದೇ ಆರ್ಡರ್ರ್. ಕಾಯಿ ಬಿದ್ದ್ ಕೊಟ್ಗಿ ಹಂಚ್ ಒಡೀತಾ ಇತ್ತ್,” ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, “ಹೆಂಗ್ಸ್ರ್ ಮರ ಹತ್ತಿರೆ ಮಿಷನ್ನಿಗೂ ನಾಚ್ಕಿ ಆತ್ತ್ ಅಂತ್ರ್ ಊರವ್ರ್. ನಾನ್ ದಪ್ಪ ಇದ್ದದ್ಕೇ ತುಂಡಾಯ್ತಾ? ಸಮಾ ಹೇಳಿ,” ಎಂದರು.

ನಾನು ಗೊತ್ತಿಲ್ಲ ಎಂದೆ. ಅದು ನಿಜವಾಗಿತ್ತು.

ಆ ಹೊತ್ತಿಗೆ ಪಕ್ಕದ ಮನೆಯ ಗಿರಿಜಾ ಬಂದರು. ಅವರದೂ ಅದೇ ತಂಡ. ನಿಲ್ಲಿಸುವ ಸೂಚನೆ ಬರುವ ಮುಂಚೆ ಕೊಂಡ ಮೆಷಿನ್ ಅವರಲ್ಲಿ ಬಳಸದೆ ಬಿದ್ದಿತ್ತು. ನನಗೆ ತೋರಿಸಲೆಂದು ಹೊತ್ತು ತಂದಿದ್ದರು. ಅದನ್ನು ಕಂಡೊಡನೆ ಶಾರದಕ್ಕ ಗದರಿದರು: “ಹ್ವಾಯ್ ಗಿರಿಜಾ, ಇನ್ನೂ ಗಟ್ಟಿ ಮಾಡ್ಸ್ಲಿಲ್ಯಾ ನೀನ್?”

“ಗಟ್ಟಿ ಮಾಡ್ಸುದ್ ಅಂದ್ರೆ ಎಂತ?” ಎಂದು ಕೇಳಿದೆ. ನನ್ನ ಬಾಯಲ್ಲೂ ಮನೆಯ ಮಾತು ಬಂದಿತ್ತು.

“ಹೊಸ ಮಿಷನ್ ಬಂದ್ ಕೂಡ್ಲೆ ವೆಲ್ಡಿಂಗ್ ಅಂಗ್ಡಿಗ್ ಹೋಯಿ ಮೂಲಿಗ್ ಒಂದ್ ತುಂಡ್ ಸರಳ್ ಕೂರ್ಸುದ್. ಕಂಪ್ನಿಯವ್ರ್ ಮಾಡಿದ್ದನ್ನ್ ನಂಬುಕಾತ್ತಾ? ಜೀವದ ಪ್ರಶ್ನಿ ಅಲ್ದಾ. ಮೇಲೊಂದ್ ಹಸ್ರ್ ಪೇಂಟ್ ಹೊಡುದ್,” ಎಂದರು ಶಾರದಕ್ಕ.

“ಮತ್ತೆ ರಿಪೇರಿ ಮಾಡ್ಸ್ಲಿಲ್ಲೆ ಅಂತ ಬರ್ದಿದ್ರಿ!”

“ರಿಪೇರಿ ಹೆಂಗ್ ಆತ್ತ್ ಹೆಣ್ಣೆ? ಹಾಳಾರೆ ಅಲ್ದಾ ರಿಪೇರಿ? ಮಗ್ಳಿಗ್ ಕಿವಿ ಚುಚ್ಸಿರೆ ಅದ್ ಆಪ್ರೇಶನ್ನಾ?”

‘ಮೇಡಂ’ ಹೋಗಿ ‘ಹೆಣ್ಣೆ’ ಆದದ್ದು ಆ ಕ್ಷಣದಲ್ಲಿ ನನ್ನ ಗಮನಕ್ಕೆ ಬರಲಿಲ್ಲ. ‘ಬಿ’ ಮಾದರಿ ಹುಟ್ಟಿದ್ದು ಕಾರ್ಖಾನೆಯಲ್ಲಲ್ಲ, ಹೆದ್ದಾರಿ ಬದಿಯ ವೆಲ್ಡಿಂಗ್ ಅಂಗಡಿಗಳಲ್ಲಿ. ಸಂತೋಷಪಡುವ ಬದಲು ನನಗೆ ಇನ್ನಷ್ಟು ಗೊಂದಲವಾಯಿತು. ಸರಳು ಸೇರಿಸಿದರೆ ಬಲ ಹೆಚ್ಚಬೇಕಲ್ಲ?

ಸೋಮವಾರ ವರದಿಯ ಬದಲು ಇನ್ನೆರಡು ವಾರ ಕೇಳಿದೆ. ಮಾರ್ಗದರ್ಶಕರು ಮುಖ ಸಿಂಡರಿಸಿಯೇ ಒಪ್ಪಿದರು. ಎರಡು ಹೊಸ ಮೆಷಿನ್ ತೆಗೆದುಕೊಂಡು ಒಂದಕ್ಕೆ ಮಾತ್ರ ಸರಳು ಬೆಸೆಸಿದೆ. ಈ ಸಲ ಒಮ್ಮೆಗೇ ಭಾರ ಹೇರಲಿಲ್ಲ. ಕಾಲು ಊರಿದಂತೆ, ಎತ್ತಿದಂತೆ, ಒಬ್ಬರ ಭಾರವನ್ನೇ ಮತ್ತೆ ಮತ್ತೆ ಕೊಟ್ಟೆ. ಲೋಹ ಹೀಗೆ ಸಣ್ಣ ಭಾರಕ್ಕೇ ದಣಿದು ಬಿರುಕು ಬಿಡುವುದಕ್ಕೆ ಫಟೀಗ್ ಎನ್ನುತ್ತಾರೆ. ನಾಲ್ಕನೆಯ ದಿನ ಸರಳು ಬೆಸೆದ ಪೈಪು ಶಾರದಕ್ಕನ ಮೆಷಿನ್ ಸೀಳಿದಲ್ಲೇ ಸೀಳಿತು. ಬರಿಯ ಪೈಪು ಎರಡನೆಯ ವಾರ ಮುಗಿದರೂ ನಡೆಯುತ್ತಲೇ ಇತ್ತು. ತೆಳು ಪೈಪು ಮೊದಲು ಉದ್ದಕ್ಕೂ ಸ್ವಲ್ಪ ಸ್ವಲ್ಪ ಬಾಗಿ ಭಾರ ಹಂಚಿಕೊಳ್ಳುತ್ತಿತ್ತು. ಮೂಲೆ ಬಿಗಿಯಾದ ಮೇಲೆ ಬಾಗುವುದೆಲ್ಲ ಸರಳಿನ ತುದಿಗೇ ಬಂದು ಸೇರಿತು. ಬೆಸುಗೆಯ ಕಾವಿಗೆ ಆ ಜಾಗ ಮೊದಲೇ ಸೊರಗಿತ್ತು.

ವರದಿಯಲ್ಲಿ ‘ಬಳಸಿದವರ ತಪ್ಪು’ ಎಂಬ ಸಾಲು ಬರಲಿಲ್ಲ. ‘ಯಾವ ಬೆಸುಗೆಯನ್ನೂ ಸೇರಿಸಬಾರದು’ ಎಂದು ಮೆಷಿನ್ ಮೇಲೆಯೇ ಬರೆಯಬೇಕೆಂದು ಸೂಚಿಸಿದೆವು. ತಂಡ ಉಳಿಯಿತು. ಅದೇ ಬಿರುಕು ನನ್ನ ಪಿಎಚ್.ಡಿ.ಯ ವಿಷಯವೂ ಆಯಿತು. ಈ ಓದಿಗೆ ಎಲ್ಲಿ ಕೆಲಸವಿದೆ ಎಂದು ಈಗ ವಿದ್ಯಾರ್ಥಿಗಳು ಕೇಳಿದರೆ ಪೈಪ್‌ಲೈನ್, ಟರ್ಬೈನ್ ಹೇಳಿ, ಕೊನೆಗೆ ಮೂಲೆಯಲ್ಲಿಟ್ಟ ಹಸಿರು ಮೆಷಿನ್ ತೋರಿಸುತ್ತೇನೆ. ನಾವು ಕೇಳುವ ಪ್ರಶ್ನೆ ನಮ್ಮ ಮಾತಿನಲ್ಲಿರುತ್ತದೆ, ಉತ್ತರ ಬಳಸುವವರ ಮಾತಿನಲ್ಲಿ. ನಡುವಿನ ಸೀಳು ಯಾವ ಯಂತ್ರಕ್ಕೂ ಕಾಣುವುದಿಲ್ಲ. ಅಂದಿನಿಂದ ನನ್ನ ಪ್ರಶ್ನೆಪತ್ರದಲ್ಲಿ ‘ಗಟ್ಟಿ ಮಾಡಿಸಿದ್ದೀರಾ?’ ಎಂದೂ ಇರುತ್ತದೆ.

ವರದಿಯ ನಂತರ ಹೊಸ ಮೆಷಿನ್ ಬಂದ ದಿನ ನಾನು ಬಿಜೂರಿಗೆ ಹೋಗಿದ್ದೆ. ಸರಳಿಲ್ಲದ ಮೂಲೆಯನ್ನು ಶಾರದಕ್ಕ ಎರಡೆರಡು ಸಲ ಮುಟ್ಟಿ ನೋಡಿ ಹತ್ತಿದರು. ನಾನು ಬುಡದಲ್ಲಿ ನಿಂತು ಮರವನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದೆ. ಅವರು ಮೇಲಿನಿಂದ ಕೂಗಿದರು:

“ಹ್ವಾಯ್ ಹೆಣ್ಣೆ, ಲೆಕ್ಕ ಹಾಕ್ದವ್ಳ್ ನೀನ್, ಹತ್ತ್‌ದವ್ಳ್ ನಾನ್. ನಡ್ಗುದ್ ಎಂತಕೆ? ಕಾಯಿ ಬೀಳತ್ತ್, ಆಚಿ ಹೋಯಿ ನಿಲ್ಲ್!”