ಉಚ್ಚೆಂಗಪ್ಪನ ಹದಿನಾಲ್ಕು ಸೆಕೆಂಡು
ಹೊಸಪೇಟೆಯಲ್ಲಿ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರೆಲ್ಲ ಸ್ಕ್ಯಾನ್ ಸೆಂಟರಿನ ಉಚ್ಚೆಂಗಪ್ಪನಿಂದ ಬೈಸಿಕೊಂಡವರೇ. ಹಲ್ಲನ್ನು ಸಾಲಿಗೆ ಎಳೆದು ತರಲು ದವಡೆಗೆ ಪುಟ್ಟ ಸ್ಕ್ರೂ ಕೂರಿಸುವ ಮುನ್ನ, ಎರಡು ಬೇರುಗಳ ನಡುವೆ ಜಾಗವಿದೆಯೇ ಎಂದು ಚಿತ್ರ ತೆಗೆದು ನೋಡುವುದು ಅವನ ಕೆಲಸ. ಯಂತ್ರ ತಲೆಯ ಸುತ್ತ ತಿರುಗುವ ಹದಿನಾಲ್ಕು ಸೆಕೆಂಡಿನಲ್ಲಿ ಯಾರಾದರೂ ಕೆಮ್ಮಿದರೆ ಮುಗಿಯಿತು: "ಹಂಪಿ ಕಲ್ಲು ಬಸವಣ್ಣನಂಗ ಕುಂದ್ರಿ ಅಂದ್ರ, ಡ್ಯಾಂ ಬಸ್ಸಿನಂಗ ಅಲ್ಲಾಡ್ತೀರಲ್ರೀ!" ಕುರೆಕುಪ್ಪದ ಕ್ರೇನ್ ಡ್ರೈವರಿಗೂ ಇದೇ ಮಂತ್ರ, ಐವತ್ತರಲ್ಲಿ ಹಲ್ಲು ನೆಟ್ಟಗೆ ಮಾಡಿಸಿಕೊಳ್ಳಲು ಹೊರಟ ನನಗೂ ಇದೇ. ಕೇಳಿ ನಾನು ನಕ್ಕೆ, ಚಿತ್ರ ಮಸುಕಾಯಿತು. "ಜಾಗ ಕಾಣ್ತೈತಲ್ಲ, ಇಷ್ಟ ಸಾಕು ಬಿಡಪ್ಪಾ" ಎಂದೆ. ಅವನು ಬಯ್ಯಲಿಲ್ಲ. ಗೋಡೆಗೆ ಅಂಟಿಸಿದ್ದ ಹಳೆಯ ಸಣ್ಣ ಎಕ್ಸ್‌ರೇ ತೋರಿಸಿದ. "ನನ್ನ ಮಗಳ್ದುರಿ. ಇದ್ರಾಗೂ ಜಾಗ ಕಾಣ್ತೈತಿ. ಇಷ್ಟ ಸಾಕು, ದೊಡ್ಡ ಸ್ಕ್ಯಾನ್ ಬ್ಯಾಡ ಅಂದಾವ ನಾನ. ಸ್ಕ್ರೂ ಬೇರಿಗೆ ತಾಕ್ತು. ಈಗ್ಲೂ ಒಂದ ಕಡಿಗೇ ಅಗೀತಾಳ." ನಾನು ಮತ್ತೆ ಯಂತ್ರದ ಮೇಲೆ ಗದ್ದ ಊರಿದೆ. ಯಂತ್ರ ನಿಂತ ಮೇಲೂ ಮುಗಿಯಿತೇ ಎಂದು ಕೇಳಲು ಹೆದರಿ ಹಾಗೇ ಕೂತಿದ್ದೆ. ಕೊನೆಗೆ ಅವನೇ ಭುಜ ತಟ್ಟಿದ: "ಏಳ್ರಿ ಬಸವಣ್ಣ, ಜಾಗ ಭಾಳ ಚಲೋ ಐತಿ."