ಶನಿವಾರದ ಓದು

ಗುತ್ತೂರು ಕಡೆಯ ಶಾಲೆಯೊಂದರಲ್ಲಿ ಗ್ರಂಥಾಲಯದ ಹೊಣೆ ಹೊತ್ತಿರುವ ಕೊಟ್ರೇಶ್ ಮೇಷ್ಟ್ರಿಗೆ ಪುಸ್ತಕಗಳ ಮೇಲೆ ಎಷ್ಟು ಪ್ರೀತಿಯೆಂದರೆ, ಆರು ವರ್ಷಗಳಲ್ಲಿ ಒಂದನ್ನೂ ಅವರು ಮಕ್ಕಳ ಕೈಗೆ ಸಿಕ್ಕಿ ಹಾಳಾಗಲು ಬಿಟ್ಟಿಲ್ಲ. ಮುನ್ನೂರು ಕಥೆಪುಸ್ತಕಗಳು ಕಬ್ಬಿಣದ ಬೀರುವಿನಲ್ಲಿ ಡಾಂಬರು ಗುಳಿಗೆಯ ವಾಸನೆ ಕುಡಿಯುತ್ತಾ ಹೊಚ್ಚಹೊಸದಾಗಿಯೇ ಇವೆ. ಇಲಿಗಳಿಗೂ ಅಲ್ಲಿ ಸದಸ್ಯತ್ವ ಸಿಕ್ಕಿಲ್ಲ. ಬೀಗದ ಕೈಯನ್ನು ಮೇಷ್ಟ್ರು ಉಡಿದಾರಕ್ಕೆ ಕಟ್ಟಿಕೊಂಡಿದ್ದಾರೆ. ‘ಒಂದ್ ಹಾಳಿ ಹರಿದ್ರೆ ಸಾಹೇಬ್ರಿಗೆ ಉತ್ತರ ಕೊಡೋನು ನಾನು, ನಿಮ್ಮಪ್ಪ ಅಲ್ಲ’ ಎನ್ನುವುದು ಓದಿನ ಬಗ್ಗೆ ಅವರ ಏಕೈಕ ಉಪನ್ಯಾಸ. ಶನಿವಾರ ಮಾತ್ರ ಬೀರು ತೆರೆಯುತ್ತದೆ, ಏಕೆಂದರೆ ಮಕ್ಕಳು ಓದುತ್ತಿರುವ ಫೋಟೊವನ್ನು ಇಲಾಖೆಯ ವಾಟ್ಸ್ಆ್ಯಪ್ ಗುಂಪಿಗೆ ಕಳಿಸಬೇಕು. ಮಕ್ಕಳು ಕೈ ತೊಳೆದು, ಅಂಗೈ ತೋರಿಸಿ, ಸಾಲಾಗಿ ಕೂತು, ಪುಸ್ತಕ ತೆರೆದು, ಮೊಬೈಲಿನ ಕಡೆ ನೋಡಿ ನಗುತ್ತಾರೆ. ಎರಡೇ ನಿಮಿಷಕ್ಕೆ ಪುಸ್ತಕಗಳು ವಾಪಸ್ ಒಳಗೆ. ಕಳೆದ ಶನಿವಾರ ನಾಲ್ಕನೇ ತರಗತಿಯ ಬಿಂದು ತಲೆಯನ್ನೇ ಎತ್ತಲಿಲ್ಲ. ‘ಏ ಬಿಂದು, ಇಲ್ನೋಡು! ಫೋಟೊದಾಗ ನಿನ್ ಬೈತಲೆ ಅಷ್ಟೇ ಬರ್ತೈತೆ’ ಎಂದು ಮೇಷ್ಟ್ರು ಗದರಿದರು. ‘ತಡೀರಿ ಸಾ, ಮೇಕೆಮರಿ ಹೊಳ್ಯಾಗ ಬಿದ್ದೈತೆ!’ ಮೇಷ್ಟ್ರು ಮೊಬೈಲ್ ಇಳಿಸಿದರು. ‘ಎಷ್ಟು ಪುಟ ಉಳದಾವೆ?’ ‘ನಾಲ್ಕು ಸಾ.’ ಮೇಷ್ಟ್ರಿಗೆ ಇದ್ದಕ್ಕಿದ್ದಂತೆ ಬೆಳಕು ಸರಿಯಿಲ್ಲ ಅನ್ನಿಸಿತು. ಎಲ್ಲರನ್ನೂ ಕಿಟಕಿಯ ಕಡೆ ತಿರುಗಿಸಿದರು, ಗಿಡ್ಡ ಮಕ್ಕಳನ್ನು ಮುಂದೆ ಕೂರಿಸಿದರು, ಕನ್ನಡಕ ಒರೆಸಿಕೊಂಡರು, ಮತ್ತೆ ಮತ್ತೆ ಫೋಟೊ ತೆಗೆದರು. ಹದಿನೇಳನೆಯದಕ್ಕೆ ಬಿಂದು ತಾನಾಗಿಯೇ ತಲೆಯೆತ್ತಿ ನಕ್ಕಳು. ಮರಿ ದಡ ಸೇರಿತ್ತು.