ತಂತಿಯ ತುದಿ

ಮೂವತ್ತು ವರ್ಷ ನಾನು ಮೋಟಾರ್ ವೈಂಡಿಂಗ್ ಮಾಡಿದವನು. ನಾಯಂಡಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಸುಟ್ಟುಹೋದ ಪಂಪುಗಳಿಂದ ಕರಕಲು ತಂತಿ ಎಳೆದು ತೆಗೆದು ಹೊಸದು ಸುತ್ತುವುದೇ ಕೆಲಸ. ಸೊಂಟ ಸೋತ ಮೇಲೆ ಮಾಲೀಕರು ಬೇರೆಯವನನ್ನು ಇಟ್ಟುಕೊಂಡರು. ಬೈಯಲಿಲ್ಲ, ಒಳ್ಳೆಯ ಮಾತಿನಲ್ಲೇ ಮನೆಗೆ ಕಳಿಸಿದರು. ಆಮೇಲೆ ಆರ್‌ಪಿಸಿ ಲೇಔಟಿನ ನಮ್ಮ ಬಾಡಿಗೆ ಮನೆಯಲ್ಲಿ ಸುಮ್ಮನೆ ಕೂತಿದ್ದೆ, ಅಷ್ಟೆ.

ಹೆಂಡತಿ ಅಷ್ಟರಲ್ಲಾಗಲೇ ಕೆಲವು ವರ್ಷಗಳಿಂದ ಮದುಮಗಳ ತಲೆಗೆ ಮಣಿಬಳ್ಳಿ ಕಟ್ಟುತ್ತಿದ್ದಳು. ಕೂದಲಿನಷ್ಟು ತೆಳು ಹಿತ್ತಾಳೆ ತಂತಿಗೆ ಮುತ್ತು, ಗಾಜಿನ ಮಣಿ ಪೋಣಿಸಿ, ತಿರುಚಿ, ಕವಲು ಬಿಡಿಸಿ ಉದ್ದಕ್ಕೆ ಬೆಳೆಸುವುದು. ಬೈತಲೆಯ ಪಕ್ಕದಿಂದ ಕಿವಿಯ ಹಿಂದೆ ಇಳಿದು ಅದು ಜಡೆಯನ್ನು ಸುತ್ತಿಕೊಳ್ಳುತ್ತದೆ. ವಿಜಯನಗರದಲ್ಲಿ ಪಾರ್ಲರ್ ಇಟ್ಟಿರುವ ಒಬ್ಬಾಕೆ ಸೀರೆಯ ಫೋಟೋ ಕಳಿಸುತ್ತಿದ್ದರು, ಇವಳು ಅದಕ್ಕೆ ಹೊಂದುವ ಮಣಿ ಆರಿಸುತ್ತಿದ್ದಳು.

ಒಂದು ಚಳಿಗಾಲದಲ್ಲಿ ಅವಳ ಬಲಗೈ ಮಣಿಕಟ್ಟು ಊದಿಕೊಂಡಿತು. ಡಾಕ್ಟರು ಬೆಲ್ಟ್ ಕಟ್ಟಿ, ಕೈ ಆಡಿಸಲೇಬಾರದು ಅಂದರು. ಒಪ್ಪಿಕೊಂಡ ಆರ್ಡರುಗಳು ಹಾಗೇ ಇದ್ದವು.

"ಕೊಡು ಇಲ್ಲಿ, ತಂತಿ ತಾನೆ," ಅಂದೆ.

ಅವಳು ಮಣಿಯ ತಟ್ಟೆಯನ್ನು ನನ್ನ ಕಡೆ ತಳ್ಳಿದಳು. ಮೊದಲ ವಾರ ನನ್ನ ಒರಟು ಕೈಗೆ ಸಿಕ್ಕಿ ಎಷ್ಟೋ ಮಣಿ ಒಡೆದವು. ಬರಬರುತ್ತಾ ಹಿಡಿತ ಸಿಕ್ಕಿತು. ನನ್ನ ಸುತ್ತುಗಳು ಮೆಷಿನ್ನಿನಲ್ಲಿ ಮಾಡಿದಷ್ಟು ಸಮನಾಗಿವೆ ಎಂದು ಅವಳೇ ಹೇಳಿದಳು. ನಾನು ಹಿಗ್ಗಿದೆ.

ಮದುವೆಗಳು ಶುರುವಾದ ಮೇಲೆ ಒಂದು ಬೆಳಿಗ್ಗೆ ಪಾರ್ಲರಿನಾಕೆ ರಾಜಾಜಿನಗರದ ಕಲ್ಯಾಣ ಮಂಟಪದಿಂದ ಫೋನ್ ಮಾಡಿದರು. ಜಡೆ ಹೆಣೆಯುವಾಗ ಬಳ್ಳಿಯ ಒಂದು ಕವಲು ಕಿತ್ತು ಬಂದಿದೆ, ತಕ್ಷಣ ಬನ್ನಿ ಎಂದರು. ಹೆಂಡತಿಯ ಕೈ ಇನ್ನೂ ಬೆಲ್ಟಿನಲ್ಲಿತ್ತು. ಇಕ್ಕಳವನ್ನು ಜೇಬಿಗೆ ಹಾಕಿಕೊಂಡು ನಾನೇ ಆಟೋ ಹತ್ತಿದೆ.

ಮದುಮಗಳ ಕೋಣೆ ಎರಡನೇ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತುವಷ್ಟರಲ್ಲಿ ಸೊಂಟ ಬಿದ್ದುಹೋಗಿತ್ತು. ಒಳಗೆಲ್ಲ ಹೆಂಗಸರೇ. ನಾನು ಬಾಗಿಲಲ್ಲೇ ನಿಂತೆ. ಪಾರ್ಲರಿನಾಕೆ ಒಳಗೆ ಕರೆದಾಗ ಹುಡುಗಿಯ ತಾಯಿ ನನ್ನನ್ನೂ ನನ್ನ ಇಕ್ಕಳವನ್ನೂ ನೋಡಿ ಸ್ವಲ್ಪ ಪಕ್ಕಕ್ಕೆ ಸರಿದರು. ಕಿತ್ತ ಕವಲನ್ನು ಎರಡೇ ನಿಮಿಷದಲ್ಲಿ ಸೇರಿಸಿದೆ. ಹೊರಡಲು ತಿರುಗಿದಾಗ ಹುಡುಗಿ ಮೆಲ್ಲಗೆ ಹೇಳಿದಳು.

"ಅಂಕಲ್, ಕಿವಿ ಹಿಂದೆ ಏನೋ ಚುಚ್ತಾ ಇದೆ. ಇವರಿಗೆಲ್ಲ ಹೇಳಿದ್ರೆ ಸ್ವಲ್ಪ ಹೊತ್ತು ತಡ್ಕೋ ಅಂತಾರೆ."

ಬಗ್ಗಿ ನೋಡಿದೆ. ಕಿವಿಯ ಹಿಂದೆ ಕೆಂಪಗೆ ಗೀರು ಬಿದ್ದಿತ್ತು, ಒಂದು ಕಡೆ ರಕ್ತ ಜಿನುಗಿತ್ತು. ನಾನು ಕತ್ತರಿಸಿದ ತಂತಿಯ ತುದಿಗಳೆಲ್ಲ ನೆಟ್ಟಗೆ ನಿಂತಿದ್ದವು. ಮೋಟಾರಿನಲ್ಲಿ ಹಾಗೆ ಕತ್ತರಿಸಿ ಮೇಲೆ ವಾರ್ನಿಷ್ ಬಳಿದರೆ ಮುಗಿಯಿತು. ಅಲ್ಲಿ ಚುಚ್ಚಿಸಿಕೊಳ್ಳುವವರು ಯಾರೂ ಇಲ್ಲ.

ಚರ್ಮಕ್ಕೂ ತಂತಿಗೂ ನಡುವೆ ನನ್ನ ಬೆರಳಿಟ್ಟು ಒಂದೊಂದೇ ತುದಿಯನ್ನು ಒಳಕ್ಕೆ ಮಡಚುತ್ತಾ ಹೋದೆ. ಕೆಳಗೆ ಓಲಗ ಶುರುವಾಗಿತ್ತು. ಪುರೋಹಿತರು ಎರಡು ಸಲ ಹೇಳಿ ಕಳಿಸಿದರು. ತಾಯಿ ಬೇಗ ಬೇಗ ಅನ್ನುತ್ತಿದ್ದರು. ಹುಡುಗಿ ಅಲ್ಲಾಡದೆ ಕೂತಿದ್ದಳು. ಮುಗಿದ ಮೇಲೆ ಕತ್ತನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಈಗ ಏನೂ ಇಲ್ಲ ಅಂದಳು.

"ತಪ್ಪು ನಂದೇ ಕಣಮ್ಮ. ಇದನ್ನ ಮಾಡಿದ್ದು ನಾನೇ," ಅಂದೆ.

ಅವಳು ಕನ್ನಡಿಯಲ್ಲಿ ನನ್ನ ಮುಖ ನೋಡಿದಳು. ಬಹುಶಃ ಒಬ್ಬ ಗಂಡಸು ಮಾಡಿದ್ದಿರಬಹುದೆಂದು ಅಂದುಕೊಂಡಿರಲಿಲ್ಲ. ಚೆನ್ನಾಗಿದೆ ಎಂದಷ್ಟೇ ಹೇಳಿ ಎದ್ದು ಹೋದಳು. ತಿಂಡಿಗೆ ಕರೆದರೂ ನಾನು ನಿಲ್ಲಲಿಲ್ಲ.

ಮನೆಗೆ ಬಂದು ಹೆಂಡತಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವಳಿಗೆ ಆಶ್ಚರ್ಯವಾಗಲಿಲ್ಲ. ತಾನು ಪ್ರತಿ ತುದಿಯನ್ನೂ ಮಡಚಿ, ಮಣಿಕಟ್ಟಿನ ಒಳಭಾಗಕ್ಕೆ ಉಜ್ಜಿ ನೋಡುತ್ತೇನೆ ಎಂದಳು. ನನಗ್ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಅಷ್ಟು ವರ್ಷ ತಂತಿ ಕೆಲಸ ಮಾಡಿದೋರು ನೀವು. ಹೇಳಿದ್ರೆ ಬೇಜಾರು ಮಾಡ್ಕೋತೀರೇನೋ ಅಂತ ಸುಮ್ನಿದ್ದೆ."

ಮಹಡಿ ಹತ್ತಿ ಇಳಿದದ್ದಕ್ಕಿಂತ ಆ ಮಾತಿಗೇ ನಾನು ಹೆಚ್ಚು ದಣಿದೆ. ಕೆಲಸ ಬಿಟ್ಟು ಬಂದಾಗಿನಿಂದ ಅವಳು ಇನ್ನೇನೇನು ಹೇಳದೆ ನುಂಗಿಕೊಂಡಿದ್ದಾಳೋ ಎಂದು ಯೋಚಿಸುತ್ತಾ ಗೋಡೆಗೆ ಒರಗಿ ಕೂತೆ. ಕೇಳುವ ಧೈರ್ಯ ಬರಲಿಲ್ಲ. ಡಬ್ಬದಲ್ಲಿ ಸಿದ್ಧವಾಗಿದ್ದ ಬಳ್ಳಿಗಳನ್ನು ಹೊರತೆಗೆದೆ. ಮಧ್ಯಾಹ್ನದವರೆಗೆ ನಾನು ತುದಿ ಮಡಚಿದೆ, ಅವಳು ಒಂದೊಂದನ್ನೂ ಎಡಗೈಯಲ್ಲಿ ಹಿಡಿದು ಕೆನ್ನೆಗೆ ಉಜ್ಜಿ ನೋಡಿ ಪಕ್ಕಕ್ಕಿಟ್ಟಳು.

ಅವಳ ಕೈ ಮತ್ತೆ ಪೂರ್ತಿ ಸರಿಹೋಗಲಿಲ್ಲ. ಈಗ ಮಣಿ ಆರಿಸುವುದು ಅವಳು, ಸುತ್ತುವುದು ನಾನು. ಸರಿಯಿಲ್ಲದಿದ್ದರೆ ಮುಖಕ್ಕೇ ಹೇಳುತ್ತಾಳೆ. ಕೆಲವು ದಿನ ಕೇಳಿ ಕೇಳಿ ಸಾಕಾಗುತ್ತದೆ. ದಣಿದ ಕಣ್ಣುಜ್ಜಿಕೊಂಡು, ಬಿಚ್ಚಿ, ಮತ್ತೆ ಸುತ್ತುತ್ತೇನೆ.